ಹಿನ್ನೀರಿನ ಕೆಸರಲ್ಲಿ ಧ್ರುವದ ಹಕ್ಕಿ

ತುಂಗಭದ್ರಾ (ಟಿ.ಬಿ.) ಡ್ಯಾಂ ತುಂಬಿದಾಗ ಹೊಸಪೇಟೆಗೆ ಮುಗಿಬೀಳುವ ಜನ, ನೀರು ಇಳಿದ ಮೇಲೆ ಅತ್ತ ಸುಳಿಯುವುದಿಲ್ಲ. ನನಗೆ ಸಂಕ್ರಾಂತಿಯ ಆಚೀಚಿನ ದಿನಗಳೇ ಇಷ್ಟ. ಕಾಲುವೆಗಳು ನೀರೆಳೆದಂತೆಲ್ಲ ಹಿನ್ನೀರು ಹಿಂದೆ ಸರಿದು ಕೆಸರು ಬಯಲಾಗುತ್ತದೆ. ಆ ಕೆಸರಿನಂಚಲ್ಲಿ ಗುಬ್ಬಚ್ಚಿಯಷ್ಟೇ ಇರುವ ಬೂದು ಹಕ್ಕಿಗಳ ಹಿಂಡು. ಹೆಸರು ಲಿಟಲ್ ಸ್ಟಿಂಟ್, ಗದ್ದೆಗೊರವಗಳ ಬಳಗದ್ದು. ತೂಕ ಇಪ್ಪತ್ತರಿಂದ ಮೂವತ್ತು ಗ್ರಾಂ. ಕಪ್ಪು ಕಾಲು, ಕಪ್ಪು ಕೊಕ್ಕು. ಹೊಲಿಗೆ ಯಂತ್ರದ ಸೂಜಿಯಂತೆ ಕೊಕ್ಕು ಕೆಸರಿಗೆ ಇಳಿಯುತ್ತ ಏಳುತ್ತ ಇರುತ್ತದೆ. ನಾಲ್ಕು ಹೆಜ್ಜೆ ಓಟ, ಕುಕ್ಕುವುದು, ಮತ್ತೆ ಓಟ.

ಈ ಹಕ್ಕಿಯ ತವರು ಆರ್ಕ್ಟಿಕ್ ಟಂಡ್ರಾ. ನಾರ್ವೆಯ ಉತ್ತರ ತುದಿಯಿಂದ ಸೈಬೀರಿಯಾದವರೆಗೆ ಹಬ್ಬಿದ ಮರವಿಲ್ಲದ ಬಯಲು. ಅಲ್ಲಿ ಅಡಿಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಜೂನ್‌ನಲ್ಲಿ ಮೇಲಿನ ಹಿಮ ಕರಗಿದ ನೀರು ಇಂಗಲಾರದೆ ನಿಂತು ಸೊಳ್ಳೆ, ನೊಣಗಳು ರಾಶಿ ರಾಶಿ ಏಳುತ್ತವೆ. ಸೂರ್ಯ ಮುಳುಗುವುದೇ ಇಲ್ಲ. ಆ ಕೆಲವೇ ವಾರಗಳಲ್ಲಿ ಬಾಣಂತನ ಮುಗಿಯಬೇಕು. ಹೆಣ್ಣು ನಾಲ್ಕು ಮೊಟ್ಟೆಯಿಟ್ಟು ಗಂಡಿಗೆ ಒಪ್ಪಿಸಿ, ಇನ್ನೊಂದು ಗೂಡಲ್ಲಿ ಮತ್ತೆ ನಾಲ್ಕಿಟ್ಟು ತಾನೇ ಕಾವು ಕೊಡುವುದೂ ಉಂಟು. ಮರಿಗಳೋ, ಮೊಟ್ಟೆಯೊಡೆದು ಮೈ ಒಣಗುತ್ತಲೇ ತಮ್ಮ ಊಟ ತಾವೇ ಹುಡುಕುತ್ತವೆ.

ಅವು ಉಳಿಯುವುದು ಮಾತ್ರ ಲೆಮ್ಮಿಂಗ್ ಎಂಬ ಇಲಿಜಾತಿಯ ಪ್ರಾಣಿಯನ್ನು ಅವಲಂಬಿಸಿದೆ. ಹಿಮದಡಿಯಲ್ಲಿ ದಾರಿ ಕೊರೆದು, ಹುಲ್ಲು ಪಾಚಿ ಮೆಲ್ಲುತ್ತ ಚಳಿಗಾಲದಲ್ಲೂ ಮರಿ ಹಾಕುವ ಜೀವವದು. ಮೂರು ನಾಲ್ಕು ವರ್ಷಕ್ಕೊಮ್ಮೆ ವಿಪರೀತ ಹೆಚ್ಚಿ, ಬಳಿಕ ಕುಸಿದುಬಿಡುತ್ತದೆ. ಹೆಚ್ಚಿದ ವರ್ಷ ಧ್ರುವದ ನರಿಗೂ ಹಿಮಗೂಬೆಗೂ ಸುಗ್ಗಿ. ನರಿ ಹಕ್ಕಿಗಳ ಮೊಟ್ಟೆಯ ಗೊಡವೆಗೆ ಅಷ್ಟಾಗಿ ಹೋಗುವುದಿಲ್ಲ. ಹಿಮಗೂಬೆ ತನ್ನ ಗೂಡಿನ ಬಳಿ ನರಿಯನ್ನು ಸುಳಿಯಗೊಡುವುದಿಲ್ಲವೆಂದು ಬ್ರೆಂಟ್ ಹೆಬ್ಬಾತುಗಳು ಆ ಬೇಟೆಗಾರನ ನೆರೆಯಲ್ಲೇ ಗೂಡು ಹೂಡುತ್ತವೆ. ಎಂಥ ಧೈರ್ಯ! ಲೆಮ್ಮಿಂಗ್ ಕುಸಿದ ವರ್ಷ ಹಸಿದ ನರಿ ನೆಲದ ಗೂಡುಗಳನ್ನೆಲ್ಲ ಜಾಲಾಡುತ್ತದೆ. ದಕ್ಷಿಣಕ್ಕೆ ಹೊರಡುವ ಎಳೆಯ ಹಕ್ಕಿಗಳು ಆ ವರ್ಷ ವಿರಳ.

ಈಗ ಆ ವ್ಯವಸ್ಥೆಯೇ ಅಲುಗಾಡುತ್ತಿದೆ. ಉತ್ತರ ಧ್ರುವ ಪ್ರದೇಶ ಭೂಮಿಯ ಸರಾಸರಿಗಿಂತ ಹಲವು ಪಟ್ಟು ವೇಗವಾಗಿ ಬಿಸಿಯೇರುತ್ತಿದೆ. ನಡುಚಳಿಯಲ್ಲಿ ಹಿಮ ಕರಗಿ ಮತ್ತೆ ಗಟ್ಟಿಯಾದರೆ ಲೆಮ್ಮಿಂಗ್‌ಗೆ ಹುಲ್ಲು ಎಟುಕದು. ಬೇಸಿಗೆ ಬೇಗ ಬಂದರೆ ಮರಿಗಳು ಹೊರಬರುವ ಮೊದಲೇ ಹುಳುಗಳ ಸುಗ್ಗಿ ಮುಗಿದಿರುತ್ತದೆ.

ಟಂಡ್ರಾ ದೂರ, ನಿಜ. ಆದರೆ ಈ ಹಕ್ಕಿ ಅಲ್ಲಿರುವುದು ಒಂದೆರಡು ತಿಂಗಳು, ನಮ್ಮ ಕಡೆ ಇರುವುದು ಅದಕ್ಕಿಂತ ಹೆಚ್ಚು. ಹಾಗಾಗಿ ಕಾಯುವ ಹೊಣೆ ನಮಗೂ ಇದೆ. ಹಗರಿಬೊಮ್ಮನಹಳ್ಳಿ ಬಳಿಯ ಅಂಕಸಮುದ್ರ ಕೆರೆಗೆ 2024ರಲ್ಲಿ ಜೌಗುನೆಲಗಳಿಗೆ ಸಿಗುವ ಅಂತರರಾಷ್ಟ್ರೀಯ ರಾಮ್ಸರ್ ಮಾನ್ಯತೆ ಬಂತು. ಡ್ಯಾಮಿನ ಕೆಳಗೆ ಹಂಪಿ ಹಾಯ್ದು ಕಂಪ್ಲಿವರೆಗಿನ ಹೊಳೆ 2015ರಲ್ಲಿ ನೀರುನಾಯಿಗಳ ಸಂರಕ್ಷಣಾ ಮೀಸಲಾಯಿತು. ಎರಡೂ ಹೆಮ್ಮೆಯ ಕೆಲಸಗಳು. ಹಿನ್ನೀರಿನ ಬರೀ ಕೆಸರಿಗೂ ಅಷ್ಟೇ ಮರ್ಯಾದೆ ಸಲ್ಲಬೇಕು. ಮಾರ್ಚ್, ಏಪ್ರಿಲ್‌ನಲ್ಲಿ ಸ್ಟಿಂಟ್‌ಗಳ ಬೂದು ಮೈಗೆ ಕೆಂಚು ಬಣ್ಣ ಏರುತ್ತದೆ. ಸಾವಿರಾರು ಕಿಲೋಮೀಟರ್ ಹಾರಲು ಬೇಕಾದ ಕೊಬ್ಬು ಕೂಡಿಸಿಕೊಳ್ಳಲು ಹಗಲೆಲ್ಲ ಮೇಯುತ್ತವೆ. ಆಗ ಯಾರೋ ಬೈಕ್ ನುಗ್ಗಿಸಿ, ಫೋಟೊಗೆಂದು ಹಿಂಡನ್ನು ಎಬ್ಬಿಸಿದರೆ, ಎದ್ದ ಪ್ರತಿ ಸಲವೂ ಖರ್ಚಾಗುವುದು ಆ ಕೊಬ್ಬೇ. ಆ ಎರಡು ತಿಂಗಳು ದಡದಲ್ಲೇ ನಿಂತು ನೋಡಿ ಎಂದು ಬಂದವರಿಗೆಲ್ಲ ಹೇಳುತ್ತೇನೆ, ನಮ್ಮೂರ ಹುಡುಗರಿಗೂ.