ಕೊಳವೆ ಬಾಗುವ ಜಾಗ

ಕಕ್ಕಸು ಪೂರ್ತಿ ಕಟ್ಟಿಕೊಂಡರೆ ಮನೆಮಂದಿಯೆಲ್ಲ ಗಾಬರಿಬಿದ್ದು ಏಳುತ್ತಾರೆ. ಅರ್ಧ ಕಟ್ಟಿಕೊಂಡರೆ ಯಾರೂ ಏಳುವುದಿಲ್ಲ. ಸುರಿದ ನೀರು ಮೇಲಕ್ಕೇರಿ ಬೇಸಿನ್ನಿನ ಅಂಚಿನವರೆಗೂ ಬಂದು ಹೆದರಿಸುತ್ತದೆ, ಆಮೇಲೆ ಗುಳುಗುಳು ಎನ್ನುತ್ತ ನಿಧಾನವಾಗಿ ಇಳಿಯುತ್ತದೆ. ಸದ್ಯ, ಇಳಿಯಿತಲ್ಲ ಎಂದುಕೊಂಡು ಎಲ್ಲರೂ ಬಾಗಿಲು ಹಾಕಿಕೊಂಡು ಬರುತ್ತಾರೆ. ಗುರುಪುರದ ನಮ್ಮ ಮನೆಯಲ್ಲಿ ಹೀಗೇ ಹತ್ತು ಹನ್ನೆರಡು ದಿನ ನಡೆದಿತ್ತು. ದಸರಾ ರಜೆಗೆ ನಾನು ಮೈಸೂರಿನಿಂದ ಬಂದಾಗ ಕಕ್ಕಸಿನಲ್ಲಿ ಒಂದು ಬಕೆಟ್ ಇರುವ ಜಾಗದಲ್ಲಿ ಮೂರಿದ್ದವು.

"ಹುಣಸೂರಿಂದ ಅವ್ನ ಕರುಸ್ಬೇಕು" ಎಂದಳು ಅವ್ವ. ಯಾರನ್ನು ಎಂದು ಕೇಳುವ ಅಗತ್ಯ ನಮ್ಮ ಬೀದಿಯಲ್ಲಿ ಯಾರಿಗೂ ಬರುವುದಿಲ್ಲ. ಅವರು ನಮ್ಮಪ್ಪನಿಗಿಂತ ದೊಡ್ಡವರು. ಆದರೂ ಚಿಕ್ಕ ಮಕ್ಕಳಿಂದ ಹಿಡಿದು ಎಲ್ಲರೂ ಏಕವಚನದಲ್ಲೇ ಮಾತಾಡಿಸುತ್ತಾರೆ. ಅವರು ಬರುವುದು ಹಿತ್ತಲ ಕಡೆಯಿಂದ. ಕೆಲಸ ಮುಗಿದ ಮೇಲೆ ಕೊಡುವ ಕಾಫಿಗೆ ಹಿಂದೆ ಬೇರೆ ಲೋಟ ಇರುತ್ತಿತ್ತು. ಈಗ ಪೇಪರ್ ಲೋಟ ಬಂದಿರುವುದರಿಂದ ಆ ಮುಜುಗರವೂ ತಪ್ಪಿದೆ.

"ಈ ಸಲ ನಾನೇ ನೋಡ್ತೀನಿ ಕಣವ್ವ" ಎಂದೆ.

"ಓದೋ ಹುಡ್ಗಿ ನೀನು. ಇದುಕ್ಕೆಲ್ಲ ಕೈ ಹಾಕ್ತಿಯಾ?"

ವಿಚಿತ್ರವೆಂದರೆ, ಹಾಗೆಂದ ಅವ್ವನೇ ವಾರಕ್ಕೆರಡು ಸಲ ಆ ಬೇಸಿನ್ನನ್ನು ಬ್ರಷ್ ಹಾಕಿ ಉಜ್ಜುತ್ತಾಳೆ. ಅದಕ್ಕೆ ಯಾರೂ ಮೂಗು ಮುಚ್ಚಿಕೊಳ್ಳುವುದಿಲ್ಲ, ಯಾರೂ ಕೂಲಿ ಕೊಡುವುದಿಲ್ಲ. ಅವಳ ಬ್ರಷ್ ಹೋಗುವುದು ಕೊಳವೆ ಬಾಗುವ ಜಾಗದವರೆಗೆ. ಅಲ್ಲಿಯವರೆಗೆ ಅದು ಹೆಂಗಸರ ಕೆಲಸ, ಅಲ್ಲಿಂದಾಚೆಗೆ ಜಾತಿಯ ಕೆಲಸ. ಈ ಗಡಿಯನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿಲ್ಲ, ಆದರೆ ಎಲ್ಲರಿಗೂ ಗೊತ್ತು.

ಆ ಬಾಗಿದ ಕೊಳವೆ ನಿಜಕ್ಕೂ ಬುದ್ಧಿವಂತಿಕೆಯ ವಸ್ತು. 1775ರಲ್ಲಿ ಲಂಡನ್ನಿನಲ್ಲಿದ್ದ ಅಲೆಕ್ಸಾಂಡರ್ ಕಮಿಂಗ್ ಎಂಬ ಗಡಿಯಾರ ಮಾಡುವವನು ಇಂಥದ್ದಕ್ಕೆ ಪೇಟೆಂಟ್ ಪಡೆದ. ಬಾಗಿನಲ್ಲಿ ಸದಾ ಒಂದಿಷ್ಟು ನೀರು ನಿಂತಿರುತ್ತದೆ. ಗುಂಡಿಯ ವಾಸನೆ ಆ ನೀರನ್ನು ದಾಟಿ ಮನೆಯೊಳಕ್ಕೆ ಬರಲಾರದು. ಹಳ್ಳಿಯ ಗುಂಡಿ ಕಕ್ಕಸುಗಳಲ್ಲಿ ಹೀಗೆ ನಿಲ್ಲುವ ನೀರಿನ ಆಳ ಸಾಮಾನ್ಯವಾಗಿ 20 ಮಿಲಿಮೀಟರ್. ಆದ್ದರಿಂದ ಎರಡು ಲೀಟರ್ ನೀರು ಜೋರಾಗಿ ಸುರಿದರೆ ಸಾಕು, ಎಲ್ಲ ಹೋಗುತ್ತದೆ. ಆದರೆ ವಾಸನೆಯನ್ನು ತಡೆಯುವ ಬಾಗೇ ಕಸವನ್ನೂ ತಡೆಯುತ್ತದೆ.

ಮೊದಲು ತಿಳಿಯಬೇಕಾದದ್ದು, ಕಟ್ಟಿಕೊಂಡಿರುವುದು ಎಲ್ಲಿ ಎಂಬುದು. ಹಿತ್ತಲಿನ ಚೇಂಬರಿನ ಕಲ್ಲನ್ನು ತಮ್ಮ ಹಾರೆಯಿಂದ ಮೀಟಿ ಸರಿಸಿದ. ಒಳಗೆ ಬಕೆಟ್ ನೀರು ಸುರಿಯಲು ಹೇಳಿ ದೂರ ನಿಂತು ನೋಡಿದೆ. ಚೇಂಬರ್ ತುಂಬಿ ನಿಂತಿದ್ದರೆ ತೊಂದರೆ ಗುಂಡಿಯ ಕಡೆ ಇದೆ ಎಂದರ್ಥ, ಅದು ನಮ್ಮ ಕೈಯಲ್ಲಿ ಆಗುವ ಕೆಲಸವಲ್ಲ. ಇಲ್ಲಿ ಚೇಂಬರ್ ಖಾಲಿಯಿತ್ತು, ನೀರು ಹಗ್ಗದಷ್ಟು ಸಣ್ಣಗೆ ಬಂತು. ಹಾಗಾದರೆ ಕಸ ಸಿಕ್ಕಿರುವುದು ಬಾಗಿನಲ್ಲೇ.

ತಮ್ಮ ಆ್ಯಸಿಡ್ ತರಲು ಹೊರಟಿದ್ದ. ಬೇಡ ಎಂದೆ. ಆ್ಯಸಿಡ್ಡಿಗೆ ಪ್ಲಾಸ್ಟಿಕ್ ಕರಗುವುದಿಲ್ಲ. ಅದು ಬ್ಲೀಚಿಂಗ್ ಪೌಡರಿನ ಜೊತೆ ಸೇರಿದರೆ ಕ್ಲೋರಿನ್ ಏಳುತ್ತದೆ. ಅದಕ್ಕಿಂತ ಹೆಚ್ಚಾಗಿ, ಅದು ಕೆಲಸ ಮಾಡದೆ ಹೋದರೆ ಅದೇ ನೀರಿಗೆ ಕೈ ಹಾಕುವವರು ಹುಣಸೂರಿನಿಂದ ಬರುವ ಆ ಹಿರಿಯರೇ. ನೆಲ ಒರೆಸುವ ಹಳೇ ಕೋಲಿನ ತುದಿಗೆ ಬಟ್ಟೆ ಸುತ್ತಿ, ಮೇಲೆ ಗೊಬ್ಬರದ ಚೀಲದ ಒಳಗಿನ ಪ್ಲಾಸ್ಟಿಕ್ ಹಾಕಿ, ಸೈಕಲ್ ಟ್ಯೂಬಿನಿಂದ ಬಿಗಿದೆ. ಸೋಪಿನ ಪುಡಿ ಕದಡಿದ ಬಿಸಿನೀರು ಸುರಿದು ಅರ್ಧ ಗಂಟೆ ಬಿಟ್ಟೆ. ಕುದಿಯುವ ನೀರು ಹಾಕಿದರೆ ಬೇಸಿನ್ ಸೀಳಬಹುದು, ಕೈ ತಾಳುವಷ್ಟು ಬಿಸಿ ಸಾಕು. ಆಮೇಲೆ ಕೈಗವಸು ಹಾಕಿ ಕೋಲನ್ನು ಬಾಯಿಗೆ ಒತ್ತಿ, ನಿಧಾನವಾಗಿ ತಳ್ಳಿ, ರಭಸವಾಗಿ ಎಳೆದೆ. ಕೆಲಸ ಮಾಡುವುದು ಎಳೆತ. ಮೂವತ್ತು ನಲವತ್ತು ಸಲ ಎಳೆದಿರಬೇಕು. ಸೊಂಟ ಬಿದ್ದುಹೋಯಿತು. ಕೊನೆಗೆ ಬಿದಿರಿನ ದಬ್ಬೆಯನ್ನು ಸೀಳಿ ನಯಮಾಡಿ ಬಾಗಿನೊಳಕ್ಕೆ ಆಡಿಸಿದಾಗ ಏನೋ ಸಿಕ್ಕಿತು. ಎರಡು ಶಾಂಪೂ ಪ್ಯಾಕೆಟ್, ಅವುಗಳಿಗೆ ಸುತ್ತಿಕೊಂಡ ಕೂದಲು, ಪಾತ್ರೆ ಉಜ್ಜುವ ತೆಂಗಿನ ನಾರು. ಒಂದು ಮುಷ್ಟಿಯಷ್ಟೂ ಇರಲಿಲ್ಲ.

ಮುಲ್ಕ್ ರಾಜ್ ಆನಂದರ 'ಅನ್‌ಟಚಬಲ್' 1935ರಲ್ಲಿ ಬಂತು. ಕಕ್ಕಸು ಬಳಿಯುವ ಬಖಾ ಎಂಬ ಹುಡುಗನ ಒಂದು ದಿನದ ಕಥೆ. ಕೊನೆಯಲ್ಲಿ ಅವನು ಗಾಂಧಿಯ ಮಾತನ್ನೂ ಕೇಳುತ್ತಾನೆ, ಫ್ಲಶ್ ಯಂತ್ರ ಬಂದರೆ ಈ ಕೆಲಸವೇ ಇರುವುದಿಲ್ಲ ಎನ್ನುವ ಕವಿಯೊಬ್ಬನ ಮಾತನ್ನೂ ಕೇಳುತ್ತಾನೆ. ಎಂ.ಎ. ತರಗತಿಯಲ್ಲಿ ಓದಿದಾಗ ನಾನು ಕವಿಯ ಪಕ್ಷ ವಹಿಸಿದ್ದೆ. ಈಗ ಅಷ್ಟು ಸುಲಭಕ್ಕೆ ಆ ಪಕ್ಷ ಸೇರಲಾರೆ. ಯಂತ್ರ ನಮ್ಮ ಮನೆಗೂ ಬಂತು, ಆದರೆ ಕೊಳವೆ ಕಟ್ಟಿಕೊಂಡ ದಿನ ಅವ್ವನಿಗೆ ನೆನಪಾದದ್ದು ಯಂತ್ರವಲ್ಲ, ಒಂದು ಕೇರಿ.

ನಮ್ಮ ತಾಲ್ಲೂಕಿನ ಕಲ್ಲಹಳ್ಳಿಯವರಾದ ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದಾಗ, ಅವರ ಸಂಪುಟದ ಬಿ. ಬಸವಲಿಂಗಪ್ಪ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. 1970ರ ದಶಕದ ಆರಂಭದ ಮಾತು ಅದು. ದೇಶಕ್ಕೆ 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. ಮ್ಯಾನ್‌ಹೋಲ್‌ಗಳಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತ ಏರಿಸಬೇಕಾಗಿ ಬಂತು ಎನ್ನುವುದೇ ಸಾವುಗಳು ನಿಂತಿಲ್ಲ ಎಂಬುದಕ್ಕೆ ಸಾಕ್ಷಿ. ಗುಂಡಿಯ ಗಾಳಿಯಲ್ಲಿರುವ ಹೈಡ್ರೋಜನ್ ಸಲ್ಫೈಡ್ ಸ್ವಲ್ಪವಿದ್ದಾಗ ಕೊಳೆತ ಮೊಟ್ಟೆಯಂತೆ ನಾರುತ್ತದೆ. ಹೆಚ್ಚಾದಾಗ ಮೂಗೇ ಸತ್ತುಹೋಗಿ ವಾಸನೆ ತಿಳಿಯುವುದಿಲ್ಲ. ಅಂಥ ಗುಂಡಿಗೆ ನಾನೂ ಇಳಿಯಬಾರದು, ಇನ್ನೊಬ್ಬರನ್ನೂ ಇಳಿಸಬಾರದು. ನಮ್ಮ ಗುಂಡಿ ತುಂಬಿದ ದಿನ ಕರೆಯಬೇಕಾದದ್ದು ಹೀರುವ ಲಾರಿಯನ್ನು ಎಂದು ತಮ್ಮನಿಂದ ಮಾತು ತೆಗೆದುಕೊಂಡಿದ್ದೇನೆ. ಅವ್ವ ಇನ್ನೂ ಮಾತು ಕೊಟ್ಟಿಲ್ಲ. ಲಾರಿಗೆ ದುಡ್ಡು ಜಾಸ್ತಿ ಎನ್ನುತ್ತಾಳೆ.

ಸಂಜೆ ಪಕ್ಕದ ಮನೆಯ ಅತ್ತೆ ಬೇಲಿಯಾಚೆಯಿಂದ ಕೇಳಿದರು, "ಸರಿಹೋಯ್ತಾ? ಯಾರ್ ಬಂದಿದ್ರು?"

"ಯಾರೂ ಇಲ್ಲ ಕಣಕ್ಕ. ತಾನೇ ಬಿಟ್ಕತು" ಎಂದಳು ಅವ್ವ, ನನ್ನ ಮುಖ ನೋಡದೆ. ಆಮೇಲೆ ದಬ್ಬೆಯನ್ನು ತಿಪ್ಪೆಗೆ ಎಸೆದು ಬಂದಳು. ನಾನು ಹೋಗಿ ಎತ್ತಿಕೊಂಡು ಬಂದು, ಫಿನಾಯಿಲಿನಲ್ಲಿ ತೊಳೆದು, ಕೊಟ್ಟಿಗೆಯ ಸೂರಿಗೆ ಸಿಕ್ಕಿಸಿದೆ.