ಮಾಕಳಿ ಘಟ್ಟದಲ್ಲಿ ಮಾಯವಾದ ರಸ್ತೆ

ಟಕ್!

ಅಷ್ಟೇ ಸದ್ದು. ನನ್ನೆದುರಿನ ವೈಪರ್ ಗಾಜಿನ ಮೇಲೆ ಅರ್ಧಕ್ಕೇ ನಿಂತಿತು. ಮರುಕ್ಷಣ ರಸ್ತೆಯೇ ಇಲ್ಲ!

2022ರ ಸೆಪ್ಟೆಂಬರ್ ಮೊದಲ ವಾರ. ಬೆಂಗಳೂರಿನ ಹೊರವರ್ತುಲ ರಸ್ತೆ ಮುಳುಗಿ, ಜನ ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರಲ್ಲ, ಅದೇ ವಾರ. ಗೌರಿಬಿದನೂರಿನಿಂದ ದೊಡ್ಡಬಳ್ಳಾಪುರಕ್ಕೆ ಹೊರಟಿದ್ದೆವು. ಪಕ್ಕದ ಸೀಟಿನಲ್ಲಿ ಅಮ್ಮ, ಹಿಂದೆ ನಿದ್ದೆಹೋದ ಅಕ್ಕನ ಮಗ. ಮಾಕಳಿ ಘಟ್ಟದ ತಿರುವುಗಳು ಶುರುವಾಗುತ್ತಿದ್ದಂತೆ ಮಳೆ ಕೊಡದಲ್ಲಿ ಮೊಗೆದು ಸುರಿದಂತೆ ಸುರಿಯತೊಡಗಿತು.

ಬ್ರೇಕ್ ಒತ್ತಲೇ? ಹಿಂದೆ ಲಾರಿ ಬರುತ್ತಿದೆ. ಮುಂದೆ ಹೋಗಲೇ? ಗಂಟೆಗೆ ಬರೀ 40 ಕಿಲೋಮೀಟರ್ ವೇಗದಲ್ಲೂ ಕಾರು ಒಂದು ಸೆಕೆಂಡಿಗೆ 11 ಮೀಟರ್ ನುಗ್ಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ತಿರುವು ಬಂದರೆ?

ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದೆ. ಹನಿಗಳು ಸೂಜಿಯಂತೆ ಕಣ್ಣಿಗೆ ಚುಚ್ಚಿದವು. ಎದುರು ಬಂದ ಬಸ್ಸಿನ ದೀಪದ ಬೆಳಕಿಗೆ ನನ್ನ ಕಣ್ಣಿಗೆ ಪೂರ್ತಿ ಕತ್ತಲೆ ಕವಿಯಿತು. ನೂರಿಪ್ಪತ್ತು ವರ್ಷಗಳ ಹಿಂದೆ ನ್ಯೂಯಾರ್ಕಿನ ಟ್ರಾಮ್ ಚಾಲಕನೊಬ್ಬ ಹಿಮಮಳೆಯಲ್ಲಿ ಹೀಗೇ ಗಾಜು ತೆರೆದುಕೊಂಡು ಒದ್ದಾಡುವುದನ್ನು ಮೇರಿ ಆಂಡರ್ಸನ್ ಎಂಬಾಕೆ ಕಂಡಳು. ಒಳಗಿನಿಂದಲೇ ಕೈಹಿಡಿ ಎಳೆದು ಗಾಜು ಒರೆಸುವ ಸಾಧನಕ್ಕೆ 1903ರಲ್ಲಿ ಪೇಟೆಂಟ್ ಪಡೆದಳು. ಅವಳು ನೀಗಿಸಿದ್ದ ಕಷ್ಟ ನನಗೆ ಆ ರಾತ್ರಿ ಮರಳಿ ಬಂದಿತ್ತು.

"ನನ್ ಕಡೇದು ಆಡ್ತೈತೆ ಕಣೋ!" ಅಮ್ಮ ಕೂಗಿದಳು.

ಹೌದು! ಎಡಗಡೆಯ ವೈಪರ್ ಓಡುತ್ತಿದೆ!

"ಬಿಳೀ ಗೆರೆ ಕಾಣ್ತೈತೆ. ಎಡಕ್ಕೆ ಬಾ... ಇನ್ನೊಂಚೂರು... ಸಾಕು, ನೆಟ್ಟಗೆ ಹೋಗು!"

ನಾಲ್ಕೂ ಇಂಡಿಕೇಟರ್ ಹಾಕಿದೆ. ಆಕ್ಸಿಲರೇಟರಿನಿಂದ ಕಾಲು ತೆಗೆದೆ. ಅಮ್ಮನ ಮಾತೇ ನನ್ನ ಕಣ್ಣು. ಲಾರಿ ಹಾರನ್ ಬಡಿಯುತ್ತಾ ಪಕ್ಕದಲ್ಲೇ ದಾಟಿತು. ಅದರ ಚಕ್ರದಿಂದ ಎದ್ದ ಕೆಸರು ನೀರು ಕಾರನ್ನೇ ಮುಚ್ಚಿತು. ಉಸಿರು ಬಿಗಿಹಿಡಿದೆ. "ಇಲ್ಲಿ! ಇಲ್ಲಿ ಜಾಗ ಐತೆ!" ಚಕ್ರ ಜಲ್ಲಿಯ ಮೇಲೆ ಕರಕರ ಎಂದಿತು. ರಸ್ತೆಯಿಂದ ಪೂರ್ತಿ ಕೆಳಗಿಳಿದು ನಿಂತೆವು. ಮಗುವನ್ನು ಎತ್ತಿಕೊಂಡು, ಮುಚ್ಚಿದ್ದ ಪೆಟ್ಟಿಗೆ ಅಂಗಡಿಯ ಶೀಟಿನ ಕೆಳಗೆ ಓಡಿದೆವು. ನನ್ನ ಕೈ ನಡುಗುತ್ತಲೇ ಇತ್ತು.

ಹಾಲಿನ ಟೆಂಪೊ ಒಂದು ಬಂದು ನಿಂತಿತು. "ಏನಾಯ್ತಣ್ಣ?" ಎಂದ ಚಾಲಕ ಟಾರ್ಚ್ ಹಿಡಿದು ಇಳಿದ. "ಎರಡೂ ನಿಂತು ಸದ್ದೂ ಇಲ್ಲ ಅಂದ್ರೆ ಫ್ಯೂಸೋ ಮೋಟ್ರೋ ಹೋಗಿರ್ತೈತೆ. ಒಂದೇ ನಿಂತೈತೆ ಅಂದ್ರೆ ನಟ್ಟು ನೋಡ್ಬೇಕು. ಮೊದ್ಲು ಸ್ವಿಚ್ ಆಫ್ ಮಾಡಣ್ಣ, ಇಲ್ಲಾಂದ್ರೆ ಕೈಗೆ ಹೊಡಿತೈತೆ."

ವೈಪರ್ ತೋಳಿನ ಬುಡದಲ್ಲಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಉಗುರಿನಿಂದಲೇ ಎಬ್ಬಿಸಿದ. ಟಾರ್ಚಿನ ಬೆಳಕಿಗೆ ಹಿಡಿದಾಗ ಕಂಡಿತು: ಹೆಬ್ಬೆರಳ ಉಗುರಿನಷ್ಟಗಲದ ನಟ್ಟು, ಬೆರಳಲ್ಲೇ ತಿರುಗುವಷ್ಟು ಸಡಿಲ! ಒಳಗಿನ ಹಲ್ಲುಳ್ಳ ಕಡ್ಡಿ ತಿರುಗುತ್ತಿದ್ದರೂ ತೋಳು ಅದನ್ನು ಕಚ್ಚುತ್ತಿರಲಿಲ್ಲ. ತೋಳನ್ನು ಸರಿಯಾದ ಜಾಗಕ್ಕೆ ಕೂರಿಸಿ, ಒತ್ತಿ ಹಿಡಿದು, ಸ್ಪ್ಯಾನರ್‌ನಿಂದ ನಟ್ಟು ಬಿಗಿದ. ಎರಡೇ ನಿಮಿಷ. ಆಮೇಲೆ ಬೀಡಿಯೊಂದನ್ನು ಬಿಚ್ಚಿ, ಹೊಗೆಸೊಪ್ಪನ್ನು ಒದ್ದೆ ಗಾಜಿಗೆ ತಿಕ್ಕಿದ. ಹನಿಹನಿಯಾಗಿ ನಿಲ್ಲುತ್ತಿದ್ದ ನೀರು ಹಾಳೆಯಂತೆ ಜಾರತೊಡಗಿತು. ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳಿದ. "ಬ್ಲೇಡ್ ರಬ್ಬರ್ ನೋಡಣ್ಣ, ಬಿಸಿಲಿಗೆ ಕಟ್ಟಿಗೆ ಆಗೈತೆ. ನಾಳೇನೆ ಬದಲಾಯಿಸು."

ಮಳೆ ತಗ್ಗಿದ ಮೇಲೆ ಹೊರಟೆವು. ಮೂವರೂ ಮನೆ ಸೇರಿದೆವು.

ಓದುಗರೇ, ನಮ್ಮ ಸೀಮೆಯಲ್ಲಿ ಮಾರ್ಚ್, ಏಪ್ರಿಲ್ ಬಿಸಿಲು ರಬ್ಬರನ್ನು ಒಣಗಿಸುತ್ತದೆ, ಕೆಮ್ಮಣ್ಣಿನ ಧೂಳು ಅದನ್ನು ಸವೆಸುತ್ತದೆ. ಮೊದಲ ಮಳೆಗೆ ಮುಂಚೆ ತೋಳು ಎತ್ತಿ ರಬ್ಬರನ್ನು ಬೆರಳಲ್ಲಿ ಮುಟ್ಟಿ ನೋಡಿ, ನಟ್ಟು ಬಿಗಿಸಿ. ದಾರಿ ಕಾಣದಿದ್ದರೆ ಧೈರ್ಯ ತೋರಿಸಬೇಡಿ. ರಸ್ತೆ ಬಿಟ್ಟು ಇಳಿದು ನಿಲ್ಲಿ. ತಡವಾಗಿಯಾದರೂ ಮನೆ ತಲುಪಿ.