ಕುಮಟಾ ಬಂದರು, ಮುಂಡರಗಿ ಹತ್ತಿ

ನಾನು ಹೈಸ್ಕೂಲಿನಲ್ಲಿದ್ದಾಗ ಮುಂಡರಗಿಯ ನಮ್ಮ ಎರೆಹೊಲದಲ್ಲಿ ಜಯಧರ ಹತ್ತಿ ಬೆಳೆಯುತ್ತಿದ್ದೆವು. ಬಿಡಿಸಿ ತಂದ ಹತ್ತಿ ಪಡಸಾಲೆ ತುಂಬುತ್ತಿತ್ತು. ಅಂಡಿಗೆಯೊಳಗೆ ಇಳಿದು ಅದನ್ನು ತುಳಿಯುವುದು ಹುಡುಗರ ಪಾಲಿನ ಕೆಲಸ. ಮೇಲೆ ಬರುವಷ್ಟರಲ್ಲಿ ಮೂಗು, ರೆಪ್ಪೆಗೆಲ್ಲ ಎಳೆ ಮೆತ್ತಿರುತ್ತಿತ್ತು. ಲಾರಿ ಗದಗಿನ ಪೇಟೆಗೆ ಹೋಗುತ್ತಿತ್ತು. ಆ ವರ್ಷಗಳಲ್ಲೇ ಶಾಲೆಯ ಪ್ರವಾಸದಲ್ಲಿ ಗೋಕರ್ಣ ನೋಡಿ ಬರುತ್ತ ಕುಮಟಾದಲ್ಲಿ ಇಳಿದಿದ್ದೆವು. ಹೆಡ್ ಬಂದರಿನಲ್ಲಿ ಪಾತಿದೋಣಿ, ಒಣಮೀನು ಬಿಟ್ಟರೆ ಬೇರೇನೂ ಕಾಣಲಿಲ್ಲ.

ಅದೇ ಬಂದರಿಗೆ ಹಿಂದೆ ನಮ್ಮ ಸೀಮೆಯ ಹತ್ತಿ ಬರುತ್ತಿತ್ತೆಂದು ಆಮೇಲೆ ಓದಿ ತಿಳಿದದ್ದು. ಚಕ್ಕಡಿಗಳು ಶಿರಸಿ ದಾಟಿ ದೇವಿಮನೆ ಘಟ್ಟ ಇಳಿಯುತ್ತಿದ್ದವು. ಮಳೆ ಹಿಡಿದರೆ ಕಡಲೂ ಬಂದ್, ಘಟ್ಟವೂ ಕೆಸರು. ಬೇಸಗೆಯೊಳಗೇ ಮಾಲು ಮುಟ್ಟಬೇಕು. ಮರಳುವಾಗ ಸಾಣಿಕಟ್ಟಾ ಉಪ್ಪು, ತೆಂಗಿನಕಾಯಿ. ಹತ್ತಿ ಹಾಯಿಹಡಗಿನಲ್ಲಿ ಮುಂಬಯಿಗೆ, ಅಲ್ಲಿಂದ ಲಿವರ್‌ಪೂಲಿಗೆ. ಬೆಳೆದವರು ಘಟ್ಟದ ಮೇಲಿನವರಾದರೂ ವಿಲಾಯತಿ ಪೇಟೆಯಲ್ಲಿ ಅದಕ್ಕೆ ಕುಮಟಾ ಹತ್ತಿಯೆಂದೇ ಹೆಸರು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಿಂದ ಅಲ್ಲಿಯ ಮಾಲು ನಿಂತಾಗ ಇಲ್ಲಿ ದರ ವಿಪರೀತ ಏರಿತು. ಆ ದಿನಗಳಲ್ಲೇ, 1862ರಲ್ಲಿ, ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಹತ್ತಿಗಾಗಿ ಕಾರವಾರವನ್ನೂ ಬಂದರಾಗಿ ಬೆಳೆಸಲು ಹೊರಟರು.

ಈಚೆಗೆ ಮತ್ತೆ ಹೋದೆ. ಪಾತಿದೋಣಿಗಳ ಜಾಗದಲ್ಲಿ ಯಂತ್ರ ಕೂಡಿಸಿದ ಫೈಬರ್ ದೋಣಿಗಳು. ಬಲೆಯ ಹರಿದ ಕಣ್ಣು ಕಟ್ಟುತ್ತಿದ್ದ ಹಿರಿಯರೊಬ್ಬರು, “ಯಾವೂರಾಯ್ತು?” ಅಂದರು.

“ಮುಂಡರಗಿರೀ, ಗದಗ ಕಡೆ. ನಮ್ಮ ಹತ್ತಿ ಇಲ್ಲೇ ಹಡಗು ಹತ್ತತಿತ್ತಂತ.”

“ಹತ್ತಿಯಾ? ಇಲ್ಲಿಯಾ?” ಎಂದು ನಕ್ಕು ಮತ್ತೆ ಬಲೆಗೆ ಕೈ ಹಾಕಿದರು.

ಅವರು ನಕ್ಕದ್ದು ಸರಿಯೇ. 1884ರಲ್ಲಿ ಗದಗಿಗೆ ರೈಲು ಬಂತು, ಮುಂದೆ ಮಾರ್ಮಗೋವಾ ಬಂದರಿಗೂ ಹಳಿ ಕೂಡಿತು. ಅಲ್ಲಿಗೆ ಘಟ್ಟ ಇಳಿಯುವ ಅಗತ್ಯ ತೀರಿತು. ಕುಮಟಾಕ್ಕೆ ಕೊಂಕಣ ರೈಲು ಬಂದು ಮುಟ್ಟುವಾಗ 1990ರ ದಶಕ. ಅಷ್ಟರಲ್ಲಿ ಅದಕ್ಕೆ ಹೇರಲು ನಮ್ಮ ಹತ್ತಿ ಇರಲಿಲ್ಲ. ನಮ್ಮ ಹೊಲದಲ್ಲೂ ಈಗ ಜಯಧರ ಇಲ್ಲ. ಬಿಟಿ ಬೀಜ, ಇಲ್ಲವೆ ಗೋವಿನಜೋಳ.

ಇದಕ್ಕೆಲ್ಲ ಹಳಹಳಿಸುವವರು ಒಮ್ಮೆ ಹೇರಿದ ಚಕ್ಕಡಿ ಹೂಡಿಕೊಂಡು ದೇವಿಮನೆ ಘಟ್ಟ ಇಳಿದು ನೋಡಬೇಕು. ಬಾಡಿಗೆ ಕಡಿಮೆ ಬಿದ್ದ ಕಡೆಗೆ ಮಾಲು ಹೋಯಿತು. ಇವತ್ತೂ ನಾವು ಪೇಟೆ ಆರಿಸುವುದು ಅದೇ ಲೆಕ್ಕದ ಮೇಲೆ.